ಅಮಾವಾಸ್ಯೆಗೆ ನಿಲ್ಲುವ ಮಷೀನು

ನಮ್ಮ ಕಾಕಾನಿಗೆ ತಲೆ ಇಲ್ಲ ಎಂದು ಬೆಟಗೇರಿಯಲ್ಲಿ ಯಾರೂ ಹೇಳುವುದಿಲ್ಲ. ಇದೆ, ಆದರೆ ಅದು ಅವರ ಮಷೀನಿನೊಳಗೆ ಸಿಕ್ಕಿಕೊಂಡಿದೆ ಎನ್ನುತ್ತಾರೆ. ಎಂಬತ್ತರ ದಶಕದ ಮೊದಲಲ್ಲಿ ಮನೆಯ ಮುಂಗಡೆಯ ಪ್ರೆಸ್ಸಿಗೆ ಆ ಮಷೀನು ಬಂತು. ಜಮಖಾನೆಯಷ್ಟು ದೊಡ್ಡ ಪೋಸ್ಟರು ಅಚ್ಚು ಹಾಕುವಂಥದು. ಅದಕ್ಕೊಂದು ಕರೆಂಟಿನ ಕಣ್ಣು ಬೇರೆ! ಸಣ್ಣ ಗಾಜಿನ ಹಿಂದಿನಿಂದ ಅದು ಕಾಗದ ಬಂತೋ ಇಲ್ಲವೋ ಎಂದು ನೋಡುತ್ತದೆ, ಕಾಣದಿದ್ದರೆ ಮಷೀನನ್ನು ನಿಲ್ಲಿಸುತ್ತದೆ.

ಕಾಗದ ಇದ್ದಾಗಲೂ ಅದು ನಿಲ್ಲುತ್ತಿತ್ತಲ್ಲ, ಅಲ್ಲಿಂದ ಕಥೆ ಶುರು. ಕಾಕಾ ಸ್ಟೂಲು ಹಾಕಿಕೊಂಡು ಅದರ ಮುಂದೆ ಕೂಡುತ್ತಿದ್ದರು. “ಏನಾಗೇತಿ ನಿನಗ? ಹೇಳಬಾರದ?” ಅದು ಹೇಳುತ್ತಿರಲಿಲ್ಲ. ಇಲಿ ಇರಬೇಕೆಂದು ಬೆಕ್ಕು ತಂದರು. ಬೆಕ್ಕು ಕಾಗದದ ಕಟ್ಟಿನ ಮೇಲೆ ಮರಿ ಹಾಕಿತು. ಆಮೇಲೆ, ಮಾಗಡಿ ಕೆರೆಗೆ ಪರದೇಶದ ಪಕ್ಷಿ ಬಂದಾಗಲೇ ಇದು ನಿಲ್ಲುತ್ತದೆ ಎಂಬ ಅನುಮಾನ! ಆ ಕೆರೆಯ ಹತ್ತಿರದ ಶಿರಹಟ್ಟಿಯಲ್ಲಿ ಮಾಸ್ತರನಾಗಿದ್ದ ನನಗೆ ಹೇಳಿ ಕಳಿಸಿದರು: “ಪಕ್ಷಿ ಬಂದಾವೇನು ನೋಡ್ಕೊಂಡು ಬಾ.” ಸೈಕಲ್ಲು ತುಳಿದು ಹೋಗಿ ನೋಡಿದೆ. ಪಕ್ಷಿ ಇರಲಿಲ್ಲ, ಮಷೀನು ಮಾತ್ರ ನಿಂತೇ ಇತ್ತು. ನಾನಾದರೂ ಯಾಕೆ ಹೋದೆನೋ, ಇವತ್ತಿಗೂ ತಿಳಿದಿಲ್ಲ.

ಹುಬ್ಬಳ್ಳಿಯಿಂದ ಇಂಜಿನಿಯರು ಬಂದ. ಮೈತುಂಬ ಕುಂಕುಮ, ವಿಭೂತಿ ಹೊತ್ತಿದ್ದ ಮಷೀನನ್ನು ಮೊದಲು ಒರೆಸಿದ. ಪೆಟ್ಟಿಗೆ ಬಿಚ್ಚಿ ತಂತಿ ಎಳೆದು ನೋಡಿ ಸ್ವಿಚ್ಚು ಒತ್ತಿದ. ಓಡಿತು.

“ಏನಾಗಿತ್ರಿ?” ಅಂದರು ಕಾಕಾ.

“ಈಗಂತೂ ಏನೂ ಆಗಿಲ್ರಿ” ಎಂದು ಚಹಾ ಕುಡಿದು ಹೋದ. ಮುಂದಿನ ಅಮಾವಾಸ್ಯೆಗೆ ಮತ್ತೆ ನಿಂತಿತು.

ಕಾಕಾನ ಹೆಂಡತಿ, ನಮ್ಮ ಚಿಗವ್ವ, ಅಮಾವಾಸ್ಯೆಗೊಮ್ಮೆ ಮಷೀನಿಗೆ ಪೂಜೆ ಮಾಡುತ್ತಿದ್ದಳು. ಅದು ನಿಂತರೆ ಇನ್ನೊಂದು ಪೂಜೆ. ಅವಳ ಭಯಕ್ಕೆ ಕಾರಣವಿತ್ತು. ಹಳೆಯ ಮಷೀನಿಗೆ ಕೈಯಿಂದಲೇ ಕಾಗದ ಕೊಡಬೇಕು; ಅದು ಒಮ್ಮೆ ಕಾಕಾನ ಬಲಗೈಯ ಎರಡು ಬೆರಳ ತುದಿ ನುಂಗಿತ್ತು. ಹೊಸದರಲ್ಲಿ ಕಾಗದ ತಾನೇ ಒಳಗೆ ಹೋಗುತ್ತದೆ. ಇದು ಕೆಟ್ಟು ಕೂತರೆ ಕಾಕಾ ಮತ್ತೆ ಹಳೆಯದರ ಮುಂದೆ ನಿಲ್ಲಬೇಕು.

ಒಂದು ಅಮಾವಾಸ್ಯೆ ನಾನು ಅಲ್ಲೇ ಇದ್ದೆ. ಚಿಗವ್ವ ಮಷೀನಿಗೆ ಮೂರು ಬೆರಳ ವಿಭೂತಿ ಎಳೆದಳು. ಆಮೇಲೆ, ಯಾರ ದೃಷ್ಟಿಯೂ ತಾಗದಿರಲೆಂದು, ಆ ಗಾಜಿನ ಕಣ್ಣಿಗೂ ದಪ್ಪಗೆ ಹಚ್ಚಿದಳು. ಕಾಯಿ ಒಡೆದು ಒಳಗೆ ಹೋದಳು. ಕಾಕಾ ಸ್ವಿಚ್ಚು ಒತ್ತಿದರು. ಮಷೀನು ತುಸು ತಿರುಗಿ ನಿಂತಿತು.

“ಕಾಕಾ, ಕಣ್ಣಿಗೇ ವಿಭೂತಿ ಮೆತ್ತೇತ್ರಿ” ಅಂದೆ.

“ಮೆಲ್ಲಕ ಮಾತಾಡಲೇ” ಎನ್ನುತ್ತ ಧೋತರದ ಚುಂಗಿನಿಂದ ಗಾಜು ಒರೆಸಿದರು. “ನನಗ ಭಾಳ ದಿನದ ಹಿಂದ ಗೊತ್ತಾಗೇತಿ.”

“ಮತ್ತ ಚಿಗವ್ವಗ ಹೇಳಬಾರದೇನ್ರಿ?”

ಕಾಕಾ ಮೊಂಡು ಬೆರಳು ಮುಂದೆ ಹಿಡಿದರು. “ಆಕಿ ಹಚ್ಚೂದು ಮಷೀನಿಗಲ್ಲೋ ತಮ್ಮಾ, ಇದಕ್ಕ. ಆಕಿ ಹಚ್ಚಲಿ, ನಾ ಒರಸ್ತೀನಿ. ತನ್ನ ಪೂಜಿಯಿಂದ ನಡದೈತಿ ಅಂತ ನೆಮ್ಮದಿಲೆ ಮಲಗ್ತಾಳ. ನಿಂದೇನು ಹೋಗ್ತೈತಿ?”

ಆಮೇಲೂ ಯಾರಾದರೂ ಕೇಳಿದರೆ ಕಾಕಾ ತಲೆ ಕೆರೆದುಕೊಂಡು, “ಏನೋಪಾ, ತಿಳಿವಲ್ದು” ಎನ್ನುತ್ತಿದ್ದರು. ಅಷ್ಟು ಚೆನ್ನಾಗಿ ಗೊಂದಲಪಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಚಿಗವ್ವ ತೀರಿಕೊಂಡ ಮೇಲೆ ಮಷೀನು ಒಮ್ಮೆಯೂ ನಿಲ್ಲಲಿಲ್ಲ. “ಸುಧಾರಿಸ್ತಲ್ರಿ ನಿಮ್ಮ ಮಷೀನು” ಎಂದು ಮುಂಡರಗಿಯ ಗಿರಾಕಿಗಳು ಹೊಗಳಿದರೆ ಕಾಕಾನ ಮುಖ ಸಣ್ಣದಾಗುತ್ತಿತ್ತು. ಒಂದು ಅಮಾವಾಸ್ಯೆ ನಾನು ಹೋದಾಗ ಅವರು ದೇವರ ಮನೆಯಿಂದ ಚಿಗವ್ವನ ವಿಭೂತಿ ತಂದರು. ಮೊಂಡು ಬೆರಳಿಂದ ಗಾಜಿಗೆ ದಪ್ಪಗೆ ಹಚ್ಚಿ ಸ್ವಿಚ್ಚು ಒತ್ತಿದರು. ತುಸು ತಿರುಗಿ ನಿಂತಿತು.

“ಏ, ಮತ್ತ ನಿಂತೈತಿ ನೋಡು” ಎಂದು ಒಳಮನೆಯ ಕಡೆ ಕರೆದರು.

ಕಾಕಾನ ಧೋತರದ ಚುಂಗು ಅವರ ಕಣ್ಣ ಮೇಲಿತ್ತು. ಗಾಜನ್ನು ನಾನೇ ಒರೆಸಿದೆ.