ನಾನು ಪ್ಲಾಸ್ಟಿಕ್ ಮೇಡಂ ಆದದ್ದು

ಒಳ್ಳೆಯ ಕೆಲಸಕ್ಕೆ ಕೈಹಾಕಿದವರಿಗೆ ನಗುವ ಸಂದರ್ಭಗಳು ತಾವಾಗಿಯೇ ಒದಗಿ ಬರುತ್ತವೆ. ನಾನು ಚಾಮರಾಜಪೇಟೆಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಹೇಳುತ್ತೇನೆ. ಕ್ಯಾಂಪಸ್ಸಿನಿಂದ ಪ್ಲಾಸ್ಟಿಕ್ ಓಡಿಸಬೇಕೆಂದು ತೀರ್ಮಾನವಾದಾಗ ನಮ್ಮ ಪ್ರಿನ್ಸಿಪಾಲರು, ಎಲೆ, ನಾರು, ತೊಗಟೆ ಎಲ್ಲ ನಿಮ್ಮ ಇಲಾಖೆಯೇ ಅಲ್ಲವೇ ಅಂತ ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಅಂದಿನಿಂದ ಮಕ್ಕಳ ಬಾಯಲ್ಲಿ ನಾನು 'ಪ್ಲಾಸ್ಟಿಕ್ ಮೇಡಂ'. ಓಡಿಸುವವಳಿಗೇ ಅದರ ಹೆಸರು.

ತಿನ್ನುವ ಚಮಚ

ಮೊದಲು ಕ್ಯಾಂಟೀನು. ಅಡಿಕೆ ಹಾಳೆಯ ತಟ್ಟೆ ಬಂತು. ಅದರ ಜೊತೆಗೆ ರಾಗಿ ಹಿಟ್ಟು ಕಲಸಿ ಗಟ್ಟಿಯಾಗಿ ಬೇಯಿಸಿದ ಚಮಚವನ್ನೂ ತರಿಸಿದೆವು. ಊಟ ಮುಗಿಸಿ ಚಮಚವನ್ನೂ ತಿಂದುಬಿಡಬಹುದು. ಹುಡುಗಿಯರು ಬಿಸಿಬೇಳೆಬಾತ್ ಬರುವ ಮೊದಲೇ ಚಮಚ ತಿಂದು ಮುಗಿಸಿ, ಬಾತನ್ನು ಕೈಯಲ್ಲಿ ತಿಂದರು.

ನಮ್ಮ ಹಿರಿಯ ಕನ್ನಡ ಮೇಷ್ಟ್ರಿಗೆ ಹಲ್ಲಿನ ತೊಂದರೆ. ತಿನ್ನಲಾಗದೆ, ಬಿಸಾಡಲು ಮನಸ್ಸೂ ಬಾರದೆ, ಚಮಚವನ್ನು ಜೋಪಾನವಾಗಿ ಮನೆಗೆ ಒಯ್ದು ತೊಳೆಯೋಣವೆಂದು ನೀರಿನಲ್ಲಿ ಹಾಕಿಟ್ಟರಂತೆ. ಮಾರನೇ ದಿನ ನನ್ನನ್ನು ಹುಡುಕಿಕೊಂಡು ಸ್ಟಾಫ್ ರೂಮಿಗೆ ಬಂದರು. ನೀರಲ್ಲಿ ಹಾಕಿಟ್ಟಿದ್ದೆ ಅಂದಾಗ, ಚಮಚ ಕರಗಿಹೋಯಿತು ಅಂತ ಬೇಜಾರಾಗಿರಬೇಕು ಅಂದುಕೊಂಡೆ.

"ಬೆಳಿಗ್ಗೆ ನೋಡಿದ್ರೆ ಅಂಬಲಿ ಆಗಿತ್ತಮ್ಮ. ಉಪ್ಪು, ಮಜ್ಜಿಗೆ ಹಾಕ್ಕೊಂಡು ಕುಡಿದೆ. ಚೆನ್ನಾಗಿತ್ತು," ಅಂದರು. ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದರು: "ನಮ್ಮನೆಯವಳಿಗೂ ಬೇಕಂತೆ. ಒಂದು ಸೌಟು ಸಿಗುತ್ತಾ?"

ಸೊಪ್ಪಿನ ಬುಟ್ಟಿ

ಕಾಲೇಜು ವಾರ್ಷಿಕೋತ್ಸವಕ್ಕೆ ನಿವೃತ್ತ ಎಂಜಿನಿಯರೊಬ್ಬರು ಮುಖ್ಯ ಅತಿಥಿ. ಪ್ಲಾಸ್ಟಿಕ್ ಹಾಳೆ ಸುತ್ತಿದ ಹೂಗುಚ್ಛ ಬೇಡವೆಂದು ಬಿದಿರು ಬುಟ್ಟಿಯಲ್ಲಿ ಮೆಂತ್ಯ, ದಂಟು, ಸಬ್ಬಸಿಗೆ ತುಂಬಿ ಕೊಟ್ಟೆವು. ಅವರು ಅದನ್ನು ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿಗೆ ದಾಟಿಸಿ ಮೈಕು ಹಿಡಿದರು.

ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಆಕೆ ಮಡಿಲಲ್ಲಿ ಕರ್ಚೀಫು ಹಾಸಿಕೊಂಡು ಮೆಂತ್ಯ ಬಿಡಿಸುತ್ತಿದ್ದಾರೆ. ಪಕ್ಕದ ಹುಡುಗಿಯರ ಕೈಗೂ ಒಂದೊಂದು ಕಟ್ಟು ಹೋಗಿತ್ತು. ವೇದಿಕೆಯ ಮೇಲೆ ಭಾಷಣ, ಕೆಳಗೆ ಸಾಲಿನುದ್ದಕ್ಕೂ ಸೊಪ್ಪು ಬಿಡಿಸುವ ಕೆಲಸ. ನಾನು ಬಗ್ಗಿ, ಮನೆಗೆ ಹೋಗಿ ನಿಧಾನವಾಗಿ ಬಿಡಿಸಬಹುದಲ್ಲಮ್ಮ ಅಂದೆ.

ಆಕೆ ತಲೆ ಎತ್ತದೆ, "ಇವರ ಭಾಷಣ ನಾನು ಕೇಳಿದೀನಮ್ಮ. ಮುಗಿಯೋಷ್ಟರಲ್ಲಿ ಸೊಪ್ಪು ಬಾಡುತ್ತೆ," ಅಂದರು.

ಸೀರೆಯ ಚೀಲ

ಆಮೇಲೆ ಚೀಲಗಳ ಸರದಿ. ಮನೆಯಲ್ಲಿರುವ ಹಳೇ ಬಟ್ಟೆ ತನ್ನಿ, ಚೀಲ ಹೊಲಿಯೋಣ ಅಂತ ಎಲ್ಲರಿಗೂ ಹೇಳಿದ್ದೆವು. ಒಂದು ಬೆಳಿಗ್ಗೆ ನಮ್ಮ ಹೆಡ್ ಕ್ಲರ್ಕು ದೊಡ್ಡ ಗಂಟೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಹಿಂದಿನ ವರ್ಷ ತೀರಿಕೊಂಡಿದ್ದ ಅವರ ಹೆಂಡತಿಯ ಕಾಟನ್ ಸೀರೆಗಳು. ಬೀರು ತೆಗೆದರೆ ನೋಡಕ್ಕಾಗಲ್ಲ, ಮುಚ್ಚಿಟ್ಟರೆ ಇರಕ್ಕಾಗಲ್ಲ ಅಂದರು. ಕತ್ತರಿ ಹಾಕಲು ನನಗೆ ಧೈರ್ಯ ಬರಲಿಲ್ಲ. ಮತ್ತೊಮ್ಮೆ ಯೋಚಿಸಿ ಸಾರ್ ಅಂದೆ.

"ಅವಳಿಗೆ ಹೆಣ್ಣುಮಕ್ಕಳಂದ್ರೆ ಇಷ್ಟ. ಮಕ್ಕಳ ಕೈಲಿರಲಿ ಬಿಡಿ," ಅಂದರು.

ಹುಡುಗಿಯರು ಹೊಲಿದರು. ಲೈಬ್ರರಿಯಲ್ಲಿ ಹಳದಿ ಚೌಕಳಿ, ಮೆಟ್ಟಿಲ ಮೇಲೆ ನೀಲಿ ಹೂವು, ಪ್ರಿನ್ಸಿಪಾಲರ ಕೈಯಲ್ಲಿ ಹಸಿರು ಅಂಚು. ಚೀಲ ಹಂಚಿದ ದಿನ ಹೆಡ್ ಕ್ಲರ್ಕು ಆಫೀಸಿನ ಬಾಗಿಲಲ್ಲಿ ನಿಂತು, ಹೋಗಿ ಬರುವ ಮಕ್ಕಳನ್ನೇ ನೋಡುತ್ತಿದ್ದರು. ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಹತ್ತಿರ ಹೋಗಿ, ನೋಡಕ್ಕೆ ಕಷ್ಟ ಆಗ್ತಿದ್ರೆ ಎಲ್ಲ ವಾಪಸ್ ತಗೊಂಡುಬಿಡ್ತೀನಿ ಸಾರ್ ಅಂದೆ.

"ಅಯ್ಯೋ, ಬೇಡ ಬೇಡ," ಅಂದರು. "ಆಫೀಸಲ್ಲಿ ತಲೆ ಎತ್ತಕ್ಕಾಗದಷ್ಟು ಕೆಲಸ ಅಂತ ಅವಳ ಹತ್ರ ಮೂವತ್ತು ವರ್ಷ ಹೇಳ್ಕೊಂಡು ಬಂದಿದೀನಿ ಮೇಡಂ. ಈಗ ಖುದ್ದಾಗಿ ನೋಡಕ್ಕೆ ಬಂದಿದಾಳೆ."

ಕನ್ನಡಕ ಹಾಕಿಕೊಂಡು, ಲಗುಬಗೆಯಿಂದ ಒಳಗೆ ಹೋಗಿ ಫೈಲು ಬಿಚ್ಚಿ ಕೂತರು.