ಪಾಸ್‌ಪೋರ್ಟಿನ ಕ್ರಾಪು

ಪುಟ್ಟಮಾದಪ್ಪನ ತಲೆಗೆ ಬಂದ ಆಪತ್ತಿಗೆಲ್ಲ ಮೂಲ ಅವನ ಕೋಟಿನ ಒಳಜೇಬು.

ಅವನು ಇಥಿಯೋಪಿಯಾ ದೇಶದ ದೆಸ್ಸಿ ಎಂಬ ಬೆಟ್ಟದೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುವ ಮೇಷ್ಟ್ರು. ಮದುವೆಯಾದ ತಿಂಗಳಿಗೇ ಹೆಂಡತಿ ಶಿವರತ್ನಳನ್ನು ಕಟ್ಟಿಕೊಂಡು ಹಡಗು ಹತ್ತಿದ್ದ. ಅಲ್ಲಿಗೆ ಹೋದ ಮೊದಲ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವಳು ಕೊಳ್ಳೇಗಾಲದಲ್ಲಿದ್ದ ಅತ್ತೆಗೆ ಕಾಗದ ಬರೆದು, ಅಂಚೆಚೀಟಿ ಹಚ್ಚಿ, "ಓಗ್ತಾ ಡಬ್ಬಕ್ಕ ಆಕ್ಬುಡಿ" ಎಂದು ಅವನ ಕೈಗೆ ಕೊಟ್ಟಳು. ಅವನು ಒಳಜೇಬಿಗೆ ಸೇರಿಸಿದ, ಮರೆತ. ಮೂರು ತಿಂಗಳ ಮೇಲೆ ಅದು ಕೈಗೆ ತಗುಲಿತು. ಈಗ ಹಾಕಿದರೆ ತಾರೀಕು ನೋಡಿ ಉಗಿಯುತ್ತಾರೆ, ಹರಿದೆಸೆಯೋಣವೆಂದರೆ ಅಷ್ಟೊಂದು ಅಂಚೆಚೀಟಿ ಹಚ್ಚಿದೆ. ಮತ್ತೆ ಅಲ್ಲೇ ಇಟ್ಟು, "ಈ ಅಂಚೆಯವರನ್ನ ನಂಬಂಗೇ ಇಲ್ಲ, ಎಲ್ಲೋ ಕಳೆದಾಕವ್ರೆ" ಎಂದು ಹೆಂಡತಿಗೆ ಹೇಳಿದ. ನಿಜ ಗೊತ್ತಿದ್ದದ್ದು ಇಬ್ಬರಿಗೆ: ಒಂದು ಅವನಿಗೆ, ಇನ್ನೊಂದು ಆ ಕೋಟಿಗೆ.

ಇತ್ತ ತಾಯಿ ಮಹಾದೇವಮ್ಮ ಮೂರು ತಿಂಗಳು ಕಾಗದವಿಲ್ಲದೆ ಅನ್ನ ನೀರು ಬಿಟ್ಟಳು. ಹಡಗು ಮುಳುಗಿತೋ, ಹುಲಿ ಹಿಡಿಯಿತೋ ಎಂದು ಬೀದಿಯವರು ತಲೆಗೊಂದು ಹೇಳಿ ಧೈರ್ಯ ತುಂಬಿದರು. ಕೊನೆಗೆ ಅವಳು ಬೆಟ್ಟದ ಮಾದಪ್ಪನಿಗೆ ಹರಕೆ ಕಟ್ಟಿಕೊಂಡಳು. ಮಗ ಸೊಸೆ ಜೀವಂತ ಊರಿಗೆ ಬಂದರೆ ಮಗನ ಮುಡಿ ಕೊಡಿಸುತ್ತೇನೆ ಎಂದು.

ಅರವತ್ತೇಳನೇ ಇಸವಿಯಲ್ಲಿ ಇಬ್ಬರೂ ರಜಕ್ಕೆ ಬಂದರು. ಶ್ರಾವಣದ ಮೊದಲ ಸೋಮವಾರ ಪುಟ್ಟಮಾದಪ್ಪನಿಗೆ ನೆಗಡಿಯಾಯಿತು. ಎರಡನೆಯದಕ್ಕೆ ಸೊಂಟ ಹಿಡಿಯಿತು. ಮೂರನೆಯದಕ್ಕೆ ಹೆಂಡತಿಯ ತವರು ಶಾಗ್ಯಕ್ಕೆ ಓಡಿಹೋಗಿದ್ದ. ಈಗ ಕೊನೆಯ ಸೋಮವಾರ. ಬುಧವಾರ ಊರು ಬಿಡಬೇಕು, ಶನಿವಾರ ಬೊಂಬಾಯಿಯಲ್ಲಿ ಹಡಗು. ಬೆಳಿಗ್ಗೆ ಐದಕ್ಕೇ ಮಹಾದೇವಮ್ಮ ಬುತ್ತಿ ಗಂಟು ಹಿಡಿದು ಹಾಸಿಗೆಯ ಪಕ್ಕ ನಿಂತಳು.

"ಏಳ್ಲಾ ಮಗ. ಬಸ್ಸು ಆರೂವರೆಗ."

"ಅವ್ವ, ನಾ ಮುಡಿ ಕೊಡನಾರಿ."

"ಯಾಕ್ಲಾ? ಮಾದಪ್ಪನ ಹೆಸರಿಟ್ಕಂಡು ಮಾದಪ್ಪಂಗೇ ಇಲ್ಲ ಅಂದಿಯಾ?"

ನಿಜವಾದ ಕಾರಣವನ್ನು ತಾಯಿಗೆ ಹೇಳುವಂತಿರಲಿಲ್ಲ. ದೆಸ್ಸಿಯಲ್ಲಿ ಇಟಲಿಯ ಒಬ್ಬ ಮುದಿ ಕ್ಷೌರಿಕನಿದ್ದ. ಅವನ ಕೈಯಲ್ಲಿ ತಿಂಗಳಿಗೊಮ್ಮೆ ಕತ್ತರಿಸಿಕೊಂಡು, ಎಣ್ಣೆ ಹಚ್ಚಿ, ಹಣೆಯ ಮೇಲೆ ಅಲೆ ಎಬ್ಬಿಸಿ ಸಾಕಿದ ಕ್ರಾಪು ಅದು. ಪುಟ್ಟಮಾದಪ್ಪನಿಗೆ ದೇವರು ಕೊಟ್ಟ ಮುಖ ಸಾಧಾರಣ. ಅದಕ್ಕೇನಾದರೂ ಮರ್ಯಾದೆ ಇದ್ದರೆ ಈ ಕ್ರಾಪಿನಿಂದ. ಬೋಳು ತಲೆ ಹೊತ್ತು ತರಗತಿಗೆ ಹೋದರೆ ಮಕ್ಕಳು ವರ್ಷವಿಡೀ ನಗುತ್ತಾರೆ ಎಂಬ ಭಯ ಬೇರೆ.

ಅವನು ಟ್ರಂಕು ತೆರೆದು ಪಾಸ್‌ಪೋರ್ಟು ತಂದ. ಆಗೆಲ್ಲ ಗಂಡ ಹೆಂಡತಿಗೆ ಸೇರಿ ಒಂದೇ ಪುಸ್ತಕ ಕೊಡುತ್ತಿದ್ದರು. ಎಡಕ್ಕೆ ಇವನ ಫೋಟೋ, ಬಲಕ್ಕೆ ಶಿವರತ್ನಳದು.

"ನೋಡವ್ವ. ಹಡಗಿನ ಆಫೀಸರು ಈ ಫೋಟೋನ ಒಂದ್ಸಲ ನೋಡ್ತನ, ನನ್ನ ಮಕ ಒಂದ್ಸಲ ನೋಡ್ತನ. ಇಲ್ಲಿ ಕ್ರಾಪು, ಅಲ್ಲಿ ಬುರುಡೆ ಅಂದ್ರ ಇಂವ ಯಾವನೋ ಕಳ್ಳ ಅಂತ ಬೊಂಬಾಯಲ್ಲೇ ಇಳಿಸ್ಬುಡ್ತನ. ಕೆಲ್ಸ ಓಯ್ತದ."

ಸುಳ್ಳು ಆಗಷ್ಟೇ ಹುಟ್ಟಿದ್ದು, ಇನ್ನೂ ಬಿಸಿಯಾಗಿತ್ತು. ಮಹಾದೇವಮ್ಮನ ಮುಖ ಬಾಡಿತು. ಅಷ್ಟರಲ್ಲಿ ಪಕ್ಕದ ಮನೆಯ ಸದಾಶಿವಪ್ಪನವರು ಬಂದರು. ಯಳಂದೂರಿನ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಪಾಸ್‌ಪೋರ್ಟನ್ನು ಜನ್ಮದಲ್ಲಿ ನೋಡಿರಲಿಲ್ಲ, ನೋಡಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನವೂ ಅಲ್ಲ. ಕನ್ನಡಕ ಏರಿಸಿ ಪುಟ ಪುಟ ತಿರುವಿದರು.

"ಸರಿಯಾಗೇ ಏಳ್ತಾವ್ನೆ ಮಾದೇವಮ್ಮ. ಇದು ಸೆಂಟ್ರಲ್ ಗೌರ್ಮೆಂಟಿನ ರೂಲು. ಬರೀ ಇಳಿಸದಲ್ಲ, ಆರು ತಿಂಗ್ಳು ಒಳಗಾಕ್ತರ."

ಎದುರು ಮನೆಯ ಚೆಲುವಮ್ಮ ಆಗಲೇ ಹೊಸಿಲಲ್ಲಿ ಕೂತಿದ್ದಳು. "ಅದು ಗಂಡಸ್ರಿಗ ಮಾತ್ರವಾ, ಎಂಗಸ್ರಿಗೂ ಉಂಟಾ?" ಎಂದಳು. ಅದೆಲ್ಲ ಅವಳಿಗೇಕೆ ಬೇಕಾಗಿತ್ತೋ.

ಪುಟ್ಟಮಾದಪ್ಪನಿಗೆ ಹುರುಪು ಬಂದಿತ್ತು. "ಎಂಗಸ್ರಿಗ ಇನ್ನೂ ಬಿಗಿ ಚೆಲುವಕ್ಕ. ಜಡೆ ಒಂದು ಗೇಣು ಗಿಡ್ಡ ಆದ್ರೂ ಬುಡಾಕಿಲ್ಲ."

ಎಲ್ಲರಿಗೂ ಕಾಫಿ ತಂದಿದ್ದ ಶಿವರತ್ನ ಲೋಟಗಳನ್ನು ಕೆಳಗಿಟ್ಟು ಒಳಗೆ ಹೋದಳು.

"ಏನೇ ಆಗ್ಲಿ, ಮಾದಪ್ಪನ್ನೇ ಕೇಳವ. ಎಲ್ರೂ ಹೊಲ್ಡಿ" ಎಂದು ಮಹಾದೇವಮ್ಮ ಗಂಟು ಎತ್ತಿಕೊಂಡಳು. ಯಾರೂ ಕರೆಯದಿದ್ದರೂ ಸದಾಶಿವಪ್ಪನವರೂ ಚೆಲುವಮ್ಮನೂ ಹೊರಟರು. ಇಂಥ ಕೆಲಸಕ್ಕೆ ತಾವಿಲ್ಲದಿದ್ದರೆ ಹೇಗೆ?

ಬಸ್ಸು ಊರು ದಾಟುವ ಮೊದಲೇ ಸದಾಶಿವಪ್ಪನವರು ವಿಷಯವನ್ನು ಕಂಡಕ್ಟರಿಗೆ ಹೇಳಿ ಮುಗಿಸಿದ್ದರು. ಕಂಡಕ್ಟರು ಡ್ರೈವರಿಗೆ ಹೇಳಿದ. ಪಾಸ್‌ಪೋರ್ಟು ಪುಟ್ಟಮಾದಪ್ಪನ ಕೈಯಿಂದ ಹಾರಿ ಸೀಟಿನಿಂದ ಸೀಟಿಗೆ ಹೊರಟಿತು. ಲೊಕ್ಕನಹಳ್ಳಿಯ ಒಬ್ಬ ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು, "ಪಾಪ, ಮಕ್ಳು, ತಣ್ಣಗಿರ್ಲಿ" ಎಂದು ತನ್ನ ಚೀಲದ ವಿಭೂತಿ ತೆಗೆದು ಎರಡು ಫೋಟೋಗಳ ಹಣೆಗೂ ಬಳಿದಳು.

"ಅಯ್ಯೋ ಅಜ್ಜಿ, ಅದು ಸರ್ಕಾರದ್ದು!"

"ಸರ್ಕಾರಕ್ಕೂ ಒಳ್ಳೇದಾಗ್ಲಿ ಬುಡಪ್ಪ."

ಹನೂರಿನಲ್ಲಿ ಬಸ್ಸು ಕಾಫಿಗೆ ನಿಂತಾಗ ನೋಡಿದರೆ ಪಾಸ್‌ಪೋರ್ಟೇ ಇಲ್ಲ. ಪುಟ್ಟಮಾದಪ್ಪ ಪಂಚೆ ಎತ್ತಿ ಹಿಡಿದು ಸ್ಟ್ಯಾಂಡಿನ ತುಂಬ ಓಡಿದ. ಕೊನೆಗೆ ಹೋಟೆಲಿನ ಒಂದು ಮೇಜಿನ ಮೇಲೆ ಸಿಕ್ಕಿತು. ಯಾರೋ ಬಿಸಿ ಲೋಟದ ಕೆಳಗಿಟ್ಟು ಕಾಫಿ ಆರಿಸುತ್ತಿದ್ದರು. "ಯಾವ್ದೋ ಬ್ಯಾಂಕಿನ ಪುಸ್ತಕ ಅನ್ಕಂಡ್ವಿ ಸಾ, ತಪ್ಪಾಯ್ತು" ಎಂದರು. ಅದನ್ನು ಎದೆಗವಚಿಕೊಂಡು ಅವನು ಬಸ್ಸಿಗೆ ಹಿಂದಿರುಗಿದಾಗ ಎರಡು ಊರಿನ ಜನ ಅವನ ಕೂದಲನ್ನೇ ನೋಡುತ್ತಿದ್ದರು.

ಬಸ್ಸು ಕಾಡಿಗೆ ಇಳಿಯಿತು. ಹಿಂದಿನ ಸೀಟಿನವನು ಕೇಳಿದ, "ಅಲ್ಲಿ ರಾಗಿ ಬೆಳೀತರಾ ಸಾ?"

"ರಾಗಿಯಂಥದೇ ಒಂದು ಸಣ್ಣ ಕಾಳದ. ಅದರ ಹಿಟ್ಟು ಹುಳಿ ಬರಿಸಿ ಜಮಖಾನದಗಲ ದೋಸೆ ಮಾಡ್ತರ. ಹಡಗು, ರೈಲು, ಒಂಟೆ, ಸರೋವರ, ಯಾನುಂಟು ಯಾನಿಲ್ಲ? ನಮ್ಮ ರತ್ನನ್ನೇ ಕೇಳಿ. ಎಲ್ಲ ತೋರ್ಸಿವ್ನಿ, ಎಲ್ಲದರ ಮುಂದೂ ಫೋಟೋ ತಗ್ದಿವ್ನಿ."

ಎಲ್ಲರೂ ಶಿವರತ್ನಳತ್ತ ತಿರುಗಿದರು. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಫೋಟೋಗಳು ಇದ್ದದ್ದು ನಿಜ. ಸರೋವರದ ಮುಂದೆ ಶಿವರತ್ನ, ಒಂಟೆಯ ಮುಂದೆ ಶಿವರತ್ನ, ಜಿಬೂಟಿಯ ರೈಲಿನ ಮುಂದೆ ಶಿವರತ್ನ. ಒಂದರಲ್ಲೂ ಅವಳು ನಕ್ಕಿರಲಿಲ್ಲ. ಗಂಡನಿಗೆ ಅದು ಕಾಣಿಸಿರಲೂ ಇಲ್ಲ, ಅವನು ಬೆಳಕು ಸರಿಯಾಗಿ ಬಿದ್ದಿದೆಯೇ ಎಂದಷ್ಟೇ ನೋಡುತ್ತಿದ್ದ.

ಬೆಟ್ಟದಲ್ಲಿ ಪೂಜೆ ಮಾಡುವ ತಮ್ಮಡಿಯವರು ಎಲ್ಲ ಕೇಳಿ ಸ್ವಲ್ಪ ಯೋಚಿಸಿದರು. "ಮಗನ ಕೈಲಾಗ್ನಿಲ್ಲ ಅಂದ್ರ ಮನೇಲಿ ಇನ್ಯಾರಾರ ಕೊಡ್ಲಿ ಕವ್ವ. ಮಾದಪ್ಪ ತಲೆ ಎಣಿಸಾಕಿಲ್ಲ" ಎಂದರು.

"ಅಂಗಾದ್ರ ನಂದೇ ಕೊಡ್ತಿನಿ" ಎಂದು ಮಹಾದೇವಮ್ಮ ಸೆರಗು ಬಿಗಿದಳು.

ಪುಟ್ಟಮಾದಪ್ಪನಿಗೆ ನಾಚಿಕೆಯಾಯಿತು. ಅರವತ್ತರ ತಾಯಿ ತನಗಾಗಿ ಕತ್ತಿಗೆ ತಲೆ ಕೊಡುತ್ತಾಳೆ. ಆದರೆ ನಾಚಿಕೆ ಇರುವುದು ತಲೆಯ ಒಳಗೆ, ಯಾರಿಗೂ ಕಾಣುವುದಿಲ್ಲ. ಕ್ರಾಪು ಇರುವುದು ಹೊರಗೆ. ಅವನು ಹೋಟೆಲಿಗೆ ಹೋಗಿ ಎರಡು ಪ್ಲೇಟು ಇಡ್ಲಿ ತಿಂದ. ಗಾಜಿನ ಬೀರುವಿನಲ್ಲಿ ತನ್ನ ಮುಖ ನೋಡಿ ಕ್ರಾಪು ತೀಡಿಕೊಂಡು ನಿಧಾನವಾಗಿ ಹಿಂದಿರುಗಿದ.

ಮುಡಿಕಟ್ಟೆಯ ಮೇಲೆ ಬೋಳುತಲೆಯ ಹೆಂಗಸೊಬ್ಬಳು ಅವನಿಗೆ ಬೆನ್ನು ಹಾಕಿ ಕೂತಿದ್ದಳು. ಸುತ್ತ ಕಪ್ಪು ಕೂದಲು ರಾಶಿ ಬಿದ್ದಿತ್ತು. ಅವ್ವನಿಗೆ ಇಷ್ಟು ಕಪ್ಪು ಕೂದಲು ಎಲ್ಲಿತ್ತು ಎಂದುಕೊಂಡ. ಆಮೇಲೆ ಅವ್ವ ಪಕ್ಕದಲ್ಲಿ ನಿಂತು ಅಳುತ್ತಿರುವುದು ಕಂಡಿತು.

ಬೋಳುತಲೆ ತಿರುಗಿತು. ಶಿವರತ್ನ.

"ನಾ ಕೂತಿದ್ದೆ ಕನ್ಲಾ, ನನ್ನ ಎಬ್ಬಿಸ್ಬುಟ್ಟು ತಾನೇ ಕೂತ್ಕಂಡ್ಳು" ಎಂದಳು ಮಹಾದೇವಮ್ಮ. "ಮಂಡಿಗಂಟ ಇತ್ತಲ್ಲೋ ಕೂದ್ಲು. ಮಂಡಿಗಂಟ."

ಸದಾಶಿವಪ್ಪನವರು ತೀರ್ಪು ಕೊಟ್ಟರು. "ಒಂದು ಗೇಣು ಗಿಡ್ಡ ಆದ್ರೇ ಬುಡಾಕಿಲ್ಲ ಅಂದ್ಮೇಲೆ ಇದಕ್ಕೆಲ್ಲಿ ಬುಟ್ಟಾರು? ಇವ್ವ ಇನ್ನು ಹಡಗು ಹತ್ತಂಗಿಲ್ಲ. ರೂಲು ಅಂದ್ರ ರೂಲು."

ಪುಟ್ಟಮಾದಪ್ಪನಿಗೆ ಆಗ ದೆಸ್ಸಿಯ ಮನೆ ಕಣ್ಣಮುಂದೆ ಬಂತು. ಮಳೆ, ಚಳಿ, ಸಾಯಂಕಾಲ ತೆರೆಯುವವರಿಲ್ಲದ ಬಾಗಿಲು. ಅವನು ಕಿರುಚಿಬಿಟ್ಟ.

"ರೂಲೂ ಇಲ್ಲ ಗೀಲೂ ಇಲ್ಲ! ಬೋಳಾಗಿದ್ರೂ ಬುಡ್ತರ, ಗಡ್ಡ ಬುಟ್ಟಿದ್ರೂ ಬುಡ್ತರ! ಅದು ನಾ ಏಳಿದ್ ಸುಳ್ಳು!"

ಕ್ಷೌರದವನು ಕತ್ತಿಯನ್ನು ಕಲ್ಲಿಗೆ ಎರಡು ಸಲ ಎಳೆದ. ಎಲ್ಲರಿಗಿಂತ ಹೆಚ್ಚು ನೊಂದವರು ಸದಾಶಿವಪ್ಪನವರು. ಇಲ್ಲದ ರೂಲಿಗೆ ಬೆಳಿಗ್ಗೆಯಿಂದ ಸಾಕ್ಷಿ ಹೇಳಿದ್ದವರು ಅವರೇ ತಾನೆ? ಪುಟ್ಟಮಾದಪ್ಪನ ಎರಡೂ ಭುಜ ಹಿಡಿದು ಕೆಳಕ್ಕೆ ಒತ್ತಿದರು.

"ಅಂಗಾದ್ರ ಕೂತ್ಕಳಪ್ಪ, ಮಗನ ಅರಕೆ ಮಗನೇ ತೀರಿಸ್ಲಿ."

"ಉಘೇ ಮಾದಪ್ಪ!" ಎಂದರು ಬಸ್ಸಿನವರೆಲ್ಲ. ಹಣೆಯ ಅಲೆ ಮೊದಲ ಎಳೆತಕ್ಕೇ ಮಡಿಲಿಗೆ ಬಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಎರಡು ಬೋಳುತಲೆ. ಹೋಗುವಾಗ ಗಲಾಟೆ ಮಾಡಿದವರೆಲ್ಲ ಈಗ ತೂಕಡಿಸುತ್ತಿದ್ದರು. ಪುಟ್ಟಮಾದಪ್ಪ ಮೆಲ್ಲಗೆ ಹೇಳಿದ, "ಓಗ್ಲಿ ಬುಡು. ರೂಲು ಇಲ್ಲ ಅಂತ ಗೊತ್ತಾಯ್ತಲ್ಲ. ಇಬ್ರೂ ಹಿಂಗೇ ಓಗವ."

"ನಾ ಬರನಾರಿ ಕಣ್ರಿ."

"ಯಾಕ? ಸುಳ್ಳು ಅಂದೆನಲ್ಲ."

"ಸುಳ್ಳು ಅನ್ನದು ಬೆಳಿಗ್ಗೇನೆ ಗೊತ್ತಿತ್ತು. ಇಲ್ಲೇ ಉಳಿಯಾಕ ನಂಗೂ ಒಂದು ಸುಳ್ಳು ಬೇಕಾಗಿತ್ತು. ನಂದು ಅಂತ ಒಂದು ಹೊಳೀನಿಲ್ಲ, ನಿಮ್ಮದ್ನೇ ಇಸ್ಕಂಡೆ. ಅದನ್ನೂ ನೀವು ಉಳಿಸ್ನಿಲ್ಲ." ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಅಲ್ಲಿ ನಿಮಗ ಇಸ್ಕೂಲದ. ನಂಗ ಯಾನದ? ಬೆಳಗಿಂದ ಸಂಜೆಗಂಟ ಆ ಕಿಟಕಿ. ಮಾತಾಡಾಕ ಒಂದು ಜೀವ ಇಲ್ಲ."

"ಸರೋವರ, ರೈಲು, ಎಲ್ಲ ತೋರಿಸ್ಲಿಲ್ವಾ?"

"ತೋರ್ಸಿದ್ರಿ, ನೋಡ್ದೆ. ನೋಡ್ಕಂಡು ಬಂದು ಯಾರ್ಗ ಏಳ್ಲಿ?"

ಬಸ್ಸು ಹನೂರು ದಾಟಿತು. ಅವಳು ಕೈಚೀಲ ತೆರೆದು ಒಂದು ಲಕೋಟೆ ತೆಗೆದಳು. ಅಂಚು ಸವೆದು, ಮಡಿಕೆ ಕಪ್ಪಾಗಿತ್ತು. ಪುಟ್ಟಮಾದಪ್ಪನಿಗೆ ಬೋಳು ತಲೆಯಲ್ಲೂ ಬೆವರು ಕಿತ್ತುಬಂತು.

"ಬರ್ತಾ ಹಡಗಲ್ಲಿ ನಿಮ್ಮ ಕೋಟು ಕೊಡವುವಾಗ ಸಿಕ್ತು. 'ಅತ್ತೆ, ಯಾನಾರ ನೆಪ ಏಳಿ ನನ್ನ ಊರಿಗ ಕರ್ಸ್ಕಳಿ' ಅಂತ ಬರ್ದಿದ್ದೆ. ಮೂರು ತಿಂಗ್ಳು ದಿನಾ ಉತ್ತರ ಕಾದೆ. ಅತ್ತೆಗೂ ನಾ ಬೇಡ್ವಾಗಿಬುಟ್ಟೆ ಅನ್ಕಂಡು ಕಣ್ಣೀರಾಕ್ದೆ." ಅವಳು ಲಕೋಟೆಯನ್ನು ಅವನ ಮಡಿಲಲ್ಲಿಟ್ಟಳು. "ಅವತ್ತೇ ಡಬ್ಬಕ್ಕ ಆಕಿದ್ರ ಅತ್ತೆ ಅರಕೆ ಕಟ್ಕತಿರ್ನಿಲ್ಲ. ನಿಮ್ಮ ಕೂದ್ಲೂ ಉಳೀತಿತ್ತು, ನಂದೂ ಉಳೀತಿತ್ತು."

"ತಪ್ಪಾಯ್ತು ರತ್ನ."

"ಈಗಲಾರ ಆಕಿ. ನಾನೇ ಅತ್ತೆ ಕೈಗ ಕೊಡಾಕ ಬರ್ದದ್ದಲ್ಲ ಅದು."

"ಕೂದ್ಲು ಬೆಳೆದ ಮ್ಯಾಲೆ ಬತ್ತಿಯಾ?"

"ಬೆಳೀಲಿ, ನೋಡವ" ಎಂದು ಅವಳು ಕಿಟಕಿಗೆ ತಿರುಗಿದಳು.

ಶನಿವಾರ ಬೊಂಬಾಯಿಯ ಬಂದರಿನಲ್ಲಿ ಪುಟ್ಟಮಾದಪ್ಪ ಒಬ್ಬನೇ ಸಾಲಿನಲ್ಲಿ ನಿಂತ. ತನ್ನ ಸರದಿ ಬಂದಾಗ ಟೋಪಿ ತೆಗೆದ. ಅಧಿಕಾರಿ ಅವನ ತಲೆಯನ್ನಿರಲಿ, ಮುಖವನ್ನೂ ನೋಡಲಿಲ್ಲ. ಪಾಸ್‌ಪೋರ್ಟು ತೆರೆದು, ಬಲಗಡೆಯ ಫೋಟೋದ ಮೇಲಿದ್ದ ವಿಭೂತಿಯನ್ನು ಹೆಬ್ಬೆರಳಿನಿಂದ ಒರೆಸಿ, ಠಸ್ಸೆ ಒತ್ತಿ, ಮುಂದಿನವರನ್ನು ಕರೆದ.

ಹಡಗು ಹತ್ತುವ ಮೊದಲು ಅವನು ಬಂದರೆಲ್ಲ ಹುಡುಕಿ ಒಂದು ಕೆಂಪು ಅಂಚೆ ಡಬ್ಬ ಕಂಡುಹಿಡಿದ. ಒಳಜೇಬಿನಿಂದ ಲಕೋಟೆ ತೆಗೆದು ಡಬ್ಬದೊಳಕ್ಕೆ ಹಾಕಿದ. ತಳಕ್ಕೆ ಬಿದ್ದ ಸದ್ದು ಕೇಳುವ ತನಕ ಕಿವಿಯಿಟ್ಟು ನಿಂತ. ಎರಡು ವರ್ಷದ ಭಾರ ಇಳಿದಂತಾಯಿತು, ಕಣ್ಣೂ ತುಂಬಿತು.

ಅದಕ್ಕೆ ಹಚ್ಚಿದ್ದದ್ದು ಇಥಿಯೋಪಿಯಾದ ಅಂಚೆಚೀಟಿ ಎಂಬುದು ಅವನಿಗೆ ನೆನಪಾದದ್ದು, ಹಡಗು ದಡ ಬಿಟ್ಟ ಮೇಲೆ.