ಒಳಗೆ ಚೆಂಡು, ಹೊರಗೆ ಅಜ್ಜಿ

ಸಂತೋಷವಾದರೆ ಕೆಲವರಿಗೆ ಕಣ್ಣೀರು ಬರುತ್ತದೆ, ಕೆಲವರಿಗೆ ಹಾಡು ಬರುತ್ತದೆ. ನನಗೆ ಬಾಯಿ ಬರುತ್ತದೆ. ಅದೂ ಸಣ್ಣ ಬಾಯಲ್ಲ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಿಷಿನ್ನುಗಳ ಗದ್ದಲದ ನಡುವೆ, ಆಚೆ ಸಾಲಿನಲ್ಲಿ ಕೂತವಳಿಗೆ "ಇವತ್ತು ನಿನ್ ಸಾರಿಗೆ ಉಪ್ಪು ಜಾಸ್ತಿ ಆಗಿತ್ತು ಕಣೇ" ಎಂದು ಮುಟ್ಟಿಸಬೇಕಾದರೆ ಎಂಥ ಬಾಯಿ ಬೇಕೋ ಅಂಥದ್ದು. ಕೆಲಸ ಬಿಟ್ಟು ವರ್ಷಗಳಾದವು, ಆದರೆ ಆ ಸುದ್ದಿಯನ್ನು ನನ್ನ ಗಂಟಲಿಗೆ ಯಾರೂ ತಿಳಿಸಿಲ್ಲ. ಬಸ್ಸಿನಲ್ಲಿ ಫೋನು ಬಂದರೆ ನಮ್ಮ ಮನೆಯ ಸಮಾಚಾರ ಡ್ರೈವರಿಗೂ ಗೊತ್ತಾಗುತ್ತದೆ. ಒಂದು ಸಲ ಕಂಡಕ್ಟರು, "ಅಜ್ಜಿ, ಫೋನ್ ಒಳಗಿಡಿ, ಅವರಿಗೆ ಹಂಗೇ ಕೇಳ್ಸತ್ತೆ" ಅಂದಿದ್ದ. ನಾನು ಓದಿದ್ದು ಮೂರನೇ ಕ್ಲಾಸು. ಅಲ್ಲಿಯೂ ಮೇಷ್ಟ್ರು ನನ್ನನ್ನು ಹೊರಗೆ ನಿಲ್ಲಿಸುತ್ತಿದ್ದುದು ಈ ಬಾಯಿಗಾಗಿಯೇ. ಈ ವಯಸ್ಸಿನಲ್ಲಿ ಮತ್ತೆ ಅದೇ ಶಿಕ್ಷೆ ಆದೀತೆಂದು ಮಾತ್ರ ಅಂದುಕೊಂಡಿರಲಿಲ್ಲ.

ನನ್ನನ್ನು ಹೊರಗೆ ಹಾಕಿದ್ದು ಮಕ್ಕಳಿಗೆ ಫುಟ್‌ಬಾಲ್ ಕಲಿಸುವ ಶೆಡ್ಡಿನಿಂದ. ನಮ್ಮ ಬೀದಿಯ ಕೊನೆಯಲ್ಲಿ ಮುಚ್ಚಿಹೋದ ಹೊಲಿಗೆ ಕಾರ್ಖಾನೆಯೊಂದಿದೆ. ನಾನು ಕೆಲಸ ಮಾಡಿದ್ದು ಅದರಲ್ಲಲ್ಲ, ಆದರೆ ತಗಡಿನ ಶೆಡ್ಡುಗಳೆಲ್ಲ ಅಕ್ಕತಂಗಿಯರ ಹಾಗೆ, ಒಂದನ್ನು ಕಂಡರೆ ಇನ್ನೊಂದರ ನೆನಪಾಗುತ್ತದೆ. ಅದರ ನೆಲಕ್ಕೆ ಹಸಿರು ಬಣ್ಣ ಬಳಿದು, ಎರಡು ಕಡೆ ಪುಟ್ಟ ಗೋಲು ನಿಲ್ಲಿಸಿ, ಡೇವಿಡ್ ಎನ್ನುವ ಹುಡುಗ ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಮಕ್ಕಳಿಗೆ ಪುಕ್ಕಟೆಯಾಗಿ ಆಟ ಹೇಳಿಕೊಡುತ್ತಾನೆ. ಚೆಂಡು ಚಿಕ್ಕದು, ಆದರೆ ಭಾರ; ಜಾಸ್ತಿ ಪುಟಿಯುವುದಿಲ್ಲ, ಹೇಳಿದ ಮಾತು ಕೇಳುತ್ತದೆ. "ಮೈದಾನದಲ್ಲಿ ಇಪ್ಪತ್ತೆರಡು ಜನ ಓಡ್ತಾರೆ ಅಜ್ಜಿ, ಸಣ್ ಮಕ್ಳಿಗೆ ಬಾಲೇ ಸಿಗಲ್ಲ. ಇಲ್ಲಿ ಆ ಕಡೆ ನಾಲ್ಕು, ಈ ಕಡೆ ನಾಲ್ಕು. ಬೇಡ ಅಂದ್ರೂ ಬಾಲ್ ಕಾಲಿಗೆ ಬರತ್ತೆ" ಎಂದು ಅವನು ಮೊದಲ ದಿನವೇ ಹೇಳಿದ್ದ. ಆ ಮಾತಿಗೇ ನಾನು ಮೊಮ್ಮಗಳು ಸಿಂಚನಾಳನ್ನು ಸೇರಿಸಿದ್ದು. ಏಕೆಂದರೆ ನನ್ನ ಮೊಮ್ಮಗಳು ಯಾವುದು ಕೊಟ್ಟರೂ ಬೇಡ ಎನ್ನುವವಳು.

ಹುಟ್ಟಿನಿಂದ ಹಾಗಿರಲಿಲ್ಲ. ಬಲೂನಿನವನು ಬೀದಿಯ ಆ ತುದಿಗೆ ಬಂದರೆ ಈ ತುದಿಯಲ್ಲಿ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಳು. ಅವಳಮ್ಮ ಮಂಜುಳಾ, ನನ್ನ ಒಬ್ಬಳೇ ಮಗಳು, ಹೋದ ವರ್ಷದ ಮಳೆಗಾಲದಲ್ಲಿ ಡೆಂಗ್ಯೂ ಜ್ವರ ಬಂದು ಆಸ್ಪತ್ರೆ ಸೇರಿದವಳು ಮನೆಗೆ ಬರಲಿಲ್ಲ. ಅವತ್ತಿನಿಂದ ಈ ಮಗು ಏನನ್ನೂ ಕೇಳಿಲ್ಲ. ಹೊಸ ಬಟ್ಟೆ? "ಬೇಡ ಅಜ್ಜಿ." ಹೋಳಿಗೆ? "ಬೇಡ ಅಜ್ಜಿ." ಪಕ್ಕದ ಮನೆಯ ಹುಡುಗಿ ಇವಳ ಪೆನ್ಸಿಲ್ ಡಬ್ಬಿಯನ್ನೇ ಎತ್ತಿಕೊಂಡು ಹೋದರೂ ನೋಡುತ್ತ ನಿಂತಿದ್ದಳು. ಅಕ್ಕಪಕ್ಕದವರು, "ಎಷ್ಟು ಒಳ್ಳೆ ಮಗು, ಒಂಚೂರೂ ಹಠ ಇಲ್ಲ" ಎಂದು ಹೊಗಳಿದಾಗಲೆಲ್ಲ ನಾನು ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಹಠವಿಲ್ಲದ ಮಗುವನ್ನು ಸಾಕಿದವರಿಗೆ ಗೊತ್ತು ಅದರ ಕಷ್ಟ.

ಇಂಥವಳು ಆ ಶೆಡ್ಡಿನೊಳಗೆ ಬೂಟು ಹಾಕಿಕೊಂಡು ಓಡಿದಾಗ ನನ್ನ ಆನಂದ ಎಲ್ಲಿ ಹಿಡಿಸಬೇಕು? ಬಾಯಿಗೆ ಬಂತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ನೋಡನೋಡುತ್ತ ಆ ಆಟ ನನಗೆ ಅರ್ಥವೂ ಆಗಿಬಿಟ್ಟಿತು. ಇದು ನಮ್ಮ ಗಾರ್ಮೆಂಟ್ಸಿನ ಲೈನೇ ಅಲ್ಲವೆ? ಒಬ್ಬಳು ಕಾಲರು ಹೊಲಿಯಬೇಕು, ಮುಂದಕ್ಕೆ ಕೊಡಬೇಕು. ಮುಂದಿನವಳು ತೋಳು ಕೂಡಿಸಬೇಕು, ಅವಳೂ ಮುಂದಕ್ಕೆ ಕೊಡಬೇಕು. ಯಾರ ಮುಂದೆ ಪೀಸು ಗುಡ್ಡೆ ಬಿತ್ತೋ ಅವಳಿಗೆ ಸೂಪರ್ವೈಸರನಿಂದ ಮಂಗಳಾರತಿ. ಮಂಜುಳಾ ನನ್ನ ಪಕ್ಕದ ಮಿಷಿನ್ನಿನಲ್ಲೇ ಕೂರುತ್ತಿದ್ದಳು. ಮಾತು ಜಾಸ್ತಿ, ಕೈ ನಿಧಾನ. ಅವಳ ಮುಂದೆ ಗುಡ್ಡೆ ಏಳುತ್ತಿದ್ದ ಹಾಗೆ ನಾನು "ಬಿಡೇ, ಬಿಡೇ, ಮುಂದಕ್ ತಳ್ಳೇ!" ಎಂದು ಕೂಗುತ್ತಿದ್ದೆ. ಅವಳು ನಗುತ್ತ, "ಅಮ್ಮಾ, ನಿನ್ ಕೂಗಿಗೇ ದಾರ ಕಿತ್ತೋಯ್ತು" ಅನ್ನುತ್ತಿದ್ದಳು.

ಸರಿ, ಅದೇ ಪಾಠವನ್ನು ಗೋಡೆ ಪಕ್ಕದ ಬೆಂಚಿನಿಂದ ಮೊಮ್ಮಗಳಿಗೂ ಶುರುಮಾಡಿದೆ. ಚೆಂಡು ಅವಳ ಕಾಲಿಗೆ ಬರುವುದೇ ತಡ, "ಸಿಂಚೂ, ಇಟ್ಕೋಬೇಡ! ಮುಂದಕ್ ತಳ್ಳು! ಗುಡ್ಡೆ ಬೀಳತ್ತೆ!" ತಗಡಿನ ಶೆಡ್ಡಿನಲ್ಲಿ ನನ್ನ ಒಂದು ಕೂಗು ನಾಲ್ಕು ಕೂಗಾಗಿ ವಾಪಸು ಬರುತ್ತಿತ್ತು. ಒಂದು ಸಲ ಗೋಲು ಕಾಯುವ ಹುಡುಗ, "ಯಾವ್ ಗುಡ್ಡೆ ಸಾರ್?" ಎಂದು ತಿರುಗಿ ನೋಡಿ ಗೋಲು ಬಿಟ್ಟುಕೊಟ್ಟ. ಸಿಂಚನಾ ಮಾತ್ರ ಹೇಳಿದ ಹಾಗೇ ಮಾಡಿದಳು. ಚೆಂಡು ಬಂದರೆ ಬಿಸಿ ಕೆಂಡ ಮುಟ್ಟಿದ ಹಾಗೆ ಆಚೆ ನೂಕುತ್ತಿದ್ದಳು. ನಾನು ಹಿಗ್ಗಿ ಹೀರೇಕಾಯಿಯಾದೆ.

ಆಮೇಲೊಂದು ಭಾನುವಾರ ಡೇವಿಡ್ ನನ್ನನ್ನು ಪಕ್ಕಕ್ಕೆ ಕರೆದ.

"ಏನಪ್ಪಾ, ಚೆನ್ನಾಗಿ ಆಡ್ತಾಳಲ್ವಾ?" ಅಂದೆ, ಸೆರಗು ಸರಿಮಾಡಿಕೊಂಡು.

"ಪಾಸ್ ಸಕ್ಕತ್ತಾಗಿ ಮಾಡ್ತಾಳೆ ಅಜ್ಜಿ. ಆದ್ರೆ ಎದುರಿಗೆ ಗೋಲು ಖಾಲಿ ಇದ್ರೂ ಪಾಸೇ ಮಾಡ್ತಾಳೆ. ಇವತ್ತು ನಮ್ಮವ್ರು ಯಾರೂ ಹತ್ರ ಇಲ್ಲ ಅಂತ ಎದುರು ಟೀಮಿಗೇ ಕೊಟ್ಟಳು."

"ಕೊಟ್ರೇನೀಗ? ಅವೂ ಮಕ್ಕಳೇ ತಾನೆ?"

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ: "ಬಾಲ್ ಬಂದ ತಕ್ಷಣ ಅವಳು ಗೋಲ್ ನೋಡಲ್ಲ ಅಜ್ಜಿ, ನಿಮ್ಮುಖ ನೋಡ್ತಾಳೆ. ಬಾಲ್ ಬೇಕಾದೋರು 'ನಂದು' ಅಂತ ಕೂಗ್ಬೇಕು, ಅದು ಈ ಆಟದ ರೂಢಿ. ಎಲ್ಲಾ ಮಕ್ಕಳೂ ಕೂಗ್ತಾರೆ, ಅವಳೊಬ್ಬಳೇ ಕೂಗಿಲ್ಲ. ಒಂದೇ ಒಂದ್ಸಲ ಕೂಗ್ಲಿ. ಅಲ್ಲೀವರ್ಗೂ ನೀವು ಹೊರಗಡೆ ಕೂತ್ಕೊಳ್ಳಿ. ಬೇಜಾರ್ ಮಾಡ್ಕೋಬೇಡಿ."

ಬೇಜಾರಾಗದೆ ಇರುತ್ತದೆಯೆ? ಬೇಡ ಬೇಡ ಎನ್ನುವ ಮಗುವಿಗೆ, ಕಾಲಿಗೆ ಬಂದಿದ್ದನ್ನೂ ಬಿಟ್ಟುಬಿಡು ಎಂದು ಕಲಿಸಿಕೊಟ್ಟ ಮಹಾಗುರು ನಾನು. ಗೇಟಿನ ಹತ್ತಿರ ಕಲ್ಲಿನ ಮೇಲೆ ಹೋಗಿ ಕೂತೆ. ಅಲ್ಲಿನ ವಾಚ್‌ಮನ್ ಕಲಬುರಗಿ ಕಡೆಯವನು. "ಯಾಕ್ರೀ ಯಮ್ಮಾ, ಹೊರಗ ಹಾಕಿದ್ರೇನು?" ಅಂದ. ಹೌದೆಂದೆ. "ನಾನರೆ ಪಗಾರ ತಗೊಂಡು ಹೊರಗ ಕುಂತೀನಿ, ನೀವು ಪುಕ್ಕಟೆ ಕುಂತೀರಲ್ಲ!" ಎಂದು ನಕ್ಕು, ತನ್ನ ಚಹಾದಲ್ಲಿ ಅರ್ಧ ಕೊಟ್ಟ. ಹೀಗೆ ಎಷ್ಟೋ ಭಾನುವಾರ ತಗಡಿಗೆ ಕಿವಿಯಾನಿಸಿ ಕೂತೆ. ಒಳಗಿನಿಂದ ದಬ್ ದಬ್ ಸದ್ದು, "ನಂದು! ನಂದು!" ಎನ್ನುವ ಬೇರೆ ಮಕ್ಕಳ ಕೂಗು. ಯಾವ ಮಗುವಿನ ಗಂಟಲು ಯಾವುದೆಂದು ಎಲ್ಲ ಗುರುತಾಯಿತು. ನಮ್ಮದೊಂದು ಕೇಳಲಿಲ್ಲ. ಆಟ ಮುಗಿದು ಬಂದವಳನ್ನು "ಹೆಂಗಾಯ್ತವ್ವಾ?" ಎಂದರೆ, "ಆಯ್ತು" ಎಂದು ನನ್ನ ಕೈ ಹಿಡಿದು ನಡೆಯುವಳು. ದಾರಿಯಲ್ಲಿ, "ಏನಾದ್ರೂ ಬೇಕಾ?" "ಬೇಡ ಅಜ್ಜಿ."

ಕಡೆಗೊಂದು ಭಾನುವಾರ ಒಳಗಿಂದ "ನಂದೂ!" ಎಂದು ಕೇಳಿಸಿತು. ನಾನು ಎದ್ದು ನಿಂತುಬಿಟ್ಟೆ. ಅದು ಮಂಜುಳಾಳ ದನಿ. ಸತ್ತವಳ ದನಿ ಶೆಡ್ಡಿನೊಳಗೆ ಹೇಗೆ ಬಂತೆಂದು ತಗಡಿಗೆ ಮತ್ತೆ ಕಿವಿಯಾನಿಸಿದೆ. ಆಮೇಲೆ ತಿಳಿಯಿತು, ಕೂಗಿದ್ದು ಸಿಂಚನಾ; ನನ್ನ ಮಗಳು ತನ್ನ ಗಂಟಲನ್ನು ತನ್ನ ಮಗಳಿಗೆ ಬಿಟ್ಟುಹೋಗಿದ್ದಾಳೆ, ಇಷ್ಟು ದಿನ ನಮಗೆ ಕೇಳಿಸಿರಲಿಲ್ಲ ಅಷ್ಟೆ. ನಾನೂ ಕೂಗೋಣವೆಂದು ಬಾಯಿ ತೆರೆದರೆ ಸದ್ದೇ ಬರಲಿಲ್ಲ. ವಾಚ್‌ಮನ್ ಗಾಬರಿಯಾಗಿ, "ಯಮ್ಮಾ, ಅಳಾಕತ್ತೀರೇನು?" ಅಂದ. "ಹ್ಞೂಂ, ಅಳ್ತಿದೀನಿ, ಸುಮ್ನಿರು" ಅಂದೆ.

ಸಿಂಚನಾ ಮೊಣಕಾಲು ತರಚಿಕೊಂಡು, ಬೆವರು ಸುರಿಸುತ್ತ ಬಂದಳು. "ಗೋಲ್ ಆಯ್ತಾ?" ಅಂದೆ.

"ಇಲ್ಲ, ಹೊರಗೋಯ್ತು. ಆದ್ರೆ ನಾನೇ ಹೊಡ್ದೆ. ಯಾರ್ಗೂ ಕೊಡ್ಲಿಲ್ಲ!" ಆಮೇಲೆ ಉಸಿರು ತೆಗೆದುಕೊಂಡು, "ಅಜ್ಜಿ, ನಂಗೆ ಬೇಲ್‌ಪುರಿ ಬೇಕು" ಅಂದಳು.

ಬೇಕು! ತಿಂದಿದ್ದು ಅವಳು, ಹೊಟ್ಟೆ ತುಂಬಿದ್ದು ನನಗೆ. ಕ್ಯಾಬ್ ಓಡಿಸುವ ನನ್ನ ಅಳಿಯ ಮನೆಗೆ ಬಂದಾಗ ಈ ಸುದ್ದಿ ಕೇಳಿ ಬಾಗಿಲಲ್ಲೇ ಕೂತುಬಿಟ್ಟ. ಆಮೇಲೆ ಮನೆಯಲ್ಲಿ ಶುರುವಾಯಿತು ನೋಡಿ. ಕಿಟಕಿ ಪಕ್ಕದ ಜಾಗ ನಂದು. ಟಿವಿ ರಿಮೋಟು ನಂದು. ಅಪ್ಪನ ತಟ್ಟೆಯ ಹಪ್ಪಳ ನಂದು. ಪಕ್ಕದ ಮನೆಗೆ ಹೋಗಿ ಪೆನ್ಸಿಲ್ ಡಬ್ಬಿಯನ್ನೂ ವಾಪಸು ತಂದಳು. ಅಕ್ಕಪಕ್ಕದವರು, "ಅಜ್ಜಿ ಮುದ್ದು ಮಾಡಿ ಕೆಡಿಸಿಬಿಟ್ರು" ಅನ್ನತೊಡಗಿದರು. ನನ್ನ ಜನ್ಮದಲ್ಲಿ ಇಂಥ ಹೊಗಳಿಕೆ ಕೇಳಿರಲಿಲ್ಲ.

ಮೊನ್ನೆ ಮಧ್ಯಾಹ್ನ ನನ್ನ ಟ್ರಂಕು ತೆಗೆದು ಕೂತಿದ್ದೆ. ಅದರ ತಳದಲ್ಲಿ ಮಂಜುಳಾಳ ಚೂಡಿದಾರದ ಹಸಿರು ವೇಲು ಇದೆ. ಒಗೆದಿಲ್ಲ. ಅದರಲ್ಲಿ ಇನ್ನೂ ಅವಳ ತಲೆಯೆಣ್ಣೆಯ ವಾಸನೆ ಉಳಿದಿದೆ; ಯಾರೂ ಇಲ್ಲದಾಗ ತೆಗೆದು ಮುಖಕ್ಕೆ ಹಿಡಿದುಕೊಳ್ಳುತ್ತೇನೆ. ಅಳಿಯನಿಗೂ ಹೇಳಿಲ್ಲ. ಹಿಂದಿನಿಂದ ಸಿಂಚನಾ ಬಂದದ್ದು ಗೊತ್ತಾಗಲಿಲ್ಲ. ಅದರ ಒಂದು ತುದಿ ಹಿಡಿದಳು. ಅವಳಿಗೂ ಆ ವಾಸನೆ ಸಿಕ್ಕಿರಬೇಕು, ಆ ತುದಿಯನ್ನು ಮೂಗಿಗೆ ಹಿಡಿದಳು. ಆಮೇಲೆ ಮೆಲ್ಲಗೆ, "ಅಜ್ಜಿ, ಇದು ನಂದು" ಅಂದಳು.

"ನನ್ ಮಗಳದು ಕಣೇ" ಅಂದೆ.

"ನನ್ನಮ್ಮಂದು" ಅಂದಳು.

ಅವಳು ಎಳೆದಳು. ನಾನೂ ಎಳೆದೆ, ಸುಳ್ಳು ಹೇಳುವುದಿಲ್ಲ. ಎಂಟು ವರ್ಷದ ಮಗುವಿನ ಜೊತೆ ನಡುಮನೆಯಲ್ಲಿ ಜಗ್ಗಾಟಕ್ಕೆ ಬಿದ್ದೆ. ಕೊನೆಗೆ ಕೈಬಿಟ್ಟವಳು ನಾನೇ. ಶಕ್ತಿ ಅವಳಿಗಿಂತ ನನಗೇ ಜಾಸ್ತಿ ಇದೆ, ಅದೊಂದು ನಿಮಗೆ ಗೊತ್ತಿರಲಿ.